ವರ್ಷಕ್ಕೊಬ್ಬ ಅಧ್ಯಕ್ಷರು, ವರ್ಷಗಟ್ಟಲೆಯ ಕೆಲಸ

ಜುಲೈ ತಿಂಗಳಲ್ಲಿ ಕರ್ನಾಟಕದ ಪತ್ರಿಕೆಗಳ ಸ್ಥಳೀಯ ಪುಟಗಳು, ವಿಶೇಷವಾಗಿ ಕರಾವಳಿ ಮತ್ತು ಮಲೆನಾಡಿನ ಪುಟಗಳು, ರೋಟರಿ ಹಾಗೂ ಲಯನ್ಸ್ ಕ್ಲಬ್‌ಗಳ ಪದಗ್ರಹಣ ಸಮಾರಂಭದ ಸುದ್ದಿ ಮತ್ತು ಚಿತ್ರಗಳಿಂದ ತುಂಬಿರುತ್ತವೆ. ಈ ಎರಡು ಸಂಸ್ಥೆಗಳಿಗೂ ವರ್ಷವೆಂದರೆ ಜುಲೈ 1ರಿಂದ ಜೂನ್ 30ರವರೆಗಿನ ಅವಧಿ. ಅದು ಮುಗಿದೊಡನೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಬದಲಾಗಿ, ನಿನ್ನೆಯವರೆಗೆ ಸಭೆ ನಡೆಸುತ್ತಿದ್ದವರು ‘ನಿಕಟಪೂರ್ವ’ರಾಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಒಬ್ಬರೇ ಹತ್ತಿಪ್ಪತ್ತು ವರ್ಷ ಕುರ್ಚಿ ಬಿಡದ ಸಂಘಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲವಾದ್ದರಿಂದ ಈ ಕ್ರಮ ಮೆಚ್ಚತಕ್ಕದ್ದೇ. ಆದರೆ ಊರಿನ ಕಷ್ಟಗಳು ಜೂನ್ 30ಕ್ಕೆ ಮುಗಿಯುವುದಿಲ್ಲ. ಸೇವಾ ಕ್ಲಬ್ಬೊಂದರ ಗುಣದೋಷಗಳೆರಡೂ ಹೆಚ್ಚಾಗಿ ಈ ಒಂದು ವರ್ಷದ ಅವಧಿಯಿಂದಲೇ ಹುಟ್ಟುತ್ತವೆ ಎಂಬುದನ್ನು ಸದಸ್ಯರಾಗ ಬಯಸುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ಇಂಥ ಕ್ಲಬ್‌ಗಳು ಮೊದಲು ರೂಪುಗೊಂಡದ್ದು ಅಮೆರಿಕದ ಷಿಕಾಗೋ ನಗರದಲ್ಲಿ. 1905ರ ಫೆಬ್ರವರಿ 23ರಂದು ಪಾಲ್ ಹ್ಯಾರಿಸ್ ಎಂಬ ವಕೀಲರು, ಒಬ್ಬ ಗಣಿ ಎಂಜಿನಿಯರ್, ಒಬ್ಬ ಕಲ್ಲಿದ್ದಲು ವ್ಯಾಪಾರಿ ಮತ್ತು ಒಬ್ಬ ದರ್ಜಿಯೊಡನೆ ಸೇರಿ ಆರಂಭಿಸಿದ ಕೂಟವೇ ರೋಟರಿ. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸೇರುತ್ತಿದ್ದ ಆ ಕೂಟದ ಮೊದಲ ಉದ್ದೇಶ ಪರಸ್ಪರ ಸ್ನೇಹ ಮತ್ತು ವ್ಯಾಪಾರದ ಅನುಕೂಲವೇ ಆಗಿತ್ತು; ಸೇವೆಯ ವಿಚಾರ ತುಸು ತಡವಾಗಿ ಬಂತು. ಅವರು ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು ಎಂಬುದನ್ನು ಈಗಿನ ಅದ್ದೂರಿ ಸಮಾರಂಭಗಳ ನಡುವೆ ನೆನೆಯುವವರು ವಿರಳ. ಅದೇ ನಗರದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ 1917ರಲ್ಲಿ ಲಯನ್ಸ್ ಸಂಸ್ಥೆಗೆ ಅಡಿಪಾಯ ಹಾಕಿದರು. 1925ರಲ್ಲಿ ಹೆಲೆನ್ ಕೆಲ್ಲರ್ ಆ ಸಂಸ್ಥೆಯ ಸಮಾವೇಶದಲ್ಲಿ ದೃಷ್ಟಿಹೀನರಿಗಾಗಿ ದುಡಿಯುವಂತೆ ಕೇಳಿಕೊಂಡ ಮೇಲೆ ಕಣ್ಣಿನ ಆರೋಗ್ಯವೇ ಲಯನ್ಸ್‌ನ ಮುಖ್ಯ ಕಾರ್ಯಕ್ಷೇತ್ರವಾಯಿತು. ಭಾರತಕ್ಕೆ ರೋಟರಿ ಕಲ್ಕತ್ತೆಯ ಮೂಲಕ 1919–20ರ ಸುಮಾರಿಗೂ ಲಯನ್ಸ್ ಮುಂಬಯಿಯ ಮೂಲಕ 1956ರಲ್ಲೂ ಬಂದವು. ಬೆಂಗಳೂರಿನ ರೋಟರಿ ಕ್ಲಬ್ 1934ರಷ್ಟು ಹಳೆಯದು.

ರೋಟರಿಯಂಥ ಕ್ಲಬ್‌ಗೆ ಸೇರುವುದು ಸಾಮಾನ್ಯವಾಗಿ ಈಗಾಗಲೇ ಸದಸ್ಯರಾಗಿರುವ ಒಬ್ಬರ ಪ್ರಸ್ತಾವದ ಮೂಲಕ. ಆಸಕ್ತರನ್ನು ಮೊದಲು ಎರಡು ಮೂರು ಸಭೆಗಳಿಗೆ ಅತಿಥಿಯಾಗಿ ಕರೆದು, ಆಡಳಿತ ಮಂಡಳಿ ಒಪ್ಪಿದ ಮೇಲೆ ಪ್ರವೇಶ ಶುಲ್ಕ ಪಡೆದು, ಸಭೆಯಲ್ಲಿ ಪಿನ್ ತೊಡಿಸಿ ಬರಮಾಡಿಕೊಳ್ಳುವುದು ರೂಢಿ. ಒಂದೇ ವೃತ್ತಿಯವರು ಕ್ಲಬ್ಬನ್ನು ತುಂಬಿಬಿಡಬಾರದೆಂದು ಸದಸ್ಯರನ್ನು ವೃತ್ತಿವಾರು ಆಯ್ದುಕೊಳ್ಳುವ ನಿಯಮವೂ ರೋಟರಿಯಲ್ಲಿ ಮೊದಲಿನಿಂದ ಇದ್ದು, ಈಗ ಅದು ಬಹಳ ಸಡಿಲವಾಗಿದೆ. ವಾರಕ್ಕೊಮ್ಮೆ ಸೇರಲೇಬೇಕೆಂಬ ಕಟ್ಟುಪಾಡು 2016ರಲ್ಲಿ ಸಡಿಲಗೊಂಡು, ತಿಂಗಳಿಗೆ ಎರಡು ಸಭೆಗಳಾದರೂ ಸಾಕೆಂದಾಯಿತು. ತನ್ನ ಕ್ಲಬ್ಬಿನ ಸಭೆಗೆ ಬರಲಾಗದ ಸದಸ್ಯರು ಬೇರೆ ಊರಿನ ಕ್ಲಬ್ಬಿನಲ್ಲಿ ಕುಳಿತು ಹಾಜರಿ ಸರಿದೂಗಿಸಿಕೊಳ್ಳಬಹುದೆಂಬ ಹಳೆಯ ಪದ್ಧತಿಯಿಂದ ಊರೂರುಗಳ ನಡುವೆ ಪರಿಚಯ ಬೆಳೆದದ್ದು ಒಂದು ಲಾಭ. ವಾರ್ಷಿಕ ಶುಲ್ಕದ ಒಂದು ಪಾಲು ಅಂತರರಾಷ್ಟ್ರೀಯ ಸಂಸ್ಥೆಗೂ ಇನ್ನೊಂದು ಪಾಲು ‘ಜಿಲ್ಲೆ’ಗೂ ಹೋಗುತ್ತದೆ. ಇಲ್ಲಿ ಜಿಲ್ಲೆಯೆಂದರೆ ಕಂದಾಯ ಜಿಲ್ಲೆಯಲ್ಲ, ಹಲವು ಕ್ಲಬ್‌ಗಳನ್ನು ಒಳಗೊಂಡು ಒಬ್ಬ ಗವರ್ನರ್ ಕೈಕೆಳಗಿರುವ ಆಡಳಿತ ಘಟಕ. ಹೀಗಾಗಿ ಸಣ್ಣ ಊರಿನ ಕ್ಲಬ್ಬಿನಲ್ಲಿ ಸದಸ್ಯರು ಕಟ್ಟುವ ಹಣವೆಲ್ಲ ಊರಿಗೇ ಖರ್ಚಾಗುತ್ತದೆ ಎಂಬ ಭಾವನೆ ತಪ್ಪು.

ಕ್ಲಬ್ಬಿನ ಕೆಲಸವನ್ನು ಹತ್ತಿರದಿಂದ ನೋಡಬೇಕೆಂದರೆ ಉಚಿತ ನೇತ್ರ ತಪಾಸಣಾ ಶಿಬಿರಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಬೀಳಗಿಯಲ್ಲಿ ಜನಿಸಿ, 1968ರಲ್ಲಿ ಪದ್ಮಭೂಷಣ ಪಡೆದ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರ ಕಾಲದಲ್ಲಿ ಊರಿನವರ ನೆರವಿನಿಂದ ಶಿಬಿರದಲ್ಲೇ ಸಾಲಾಗಿ ಪೊರೆಯ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಸೋಂಕಿನ ಭಯದಿಂದ ಆ ಪದ್ಧತಿ ಹಿಂದೆ ಸರಿದು, ಈಗ ಶಿಬಿರದಲ್ಲಿ ತಪಾಸಣೆ ಮಾತ್ರ ನಡೆದು ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಾಗುತ್ತದೆ. ವೈದ್ಯರನ್ನು ಕರೆಸುವುದು ಇದರಲ್ಲಿ ಸುಲಭದ ಭಾಗ. ಆಟೊಗೆ ಮೈಕು ಕಟ್ಟಿ ಹಳ್ಳಿಹಳ್ಳಿಗೆ ಸುದ್ದಿ ಮುಟ್ಟಿಸಬೇಕು, ಶಾಲೆಯ ಕೊಠಡಿ ಕೇಳಿ ಪಡೆಯಬೇಕು, ಅಕ್ಷರಗಳ ಫಲಕವನ್ನು ಸರಿಯಾದ ದೂರದಲ್ಲಿ ತೂಗುಹಾಕಬೇಕು, ಓದು ಬಾರದವರಿಗೆ ಚಿಹ್ನೆಗಳ ಫಲಕ ಇರಬೇಕು. ಪೊರೆ ಬಂದಿದೆಯೆಂದು ಗುರುತಿಸಿದವರ ರಕ್ತದೊತ್ತಡ ಮತ್ತು ಸಕ್ಕರೆಯ ಪ್ರಮಾಣ ನೋಡಿ, ಅವು ಹೆಚ್ಚಿದ್ದರೆ ಮೊದಲು ಹತೋಟಿಗೆ ತರುವಂತೆ ತಿಳಿಸಬೇಕು. ಉಳಿದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಒಯ್ದು, ಕೃತಕ ಮಸೂರ ಅಳವಡಿಸಿದ ಮೇಲೆ ಮನೆಗೆ ತಲುಪಿಸಬೇಕು. ನಿಜವಾದ ಪರೀಕ್ಷೆ ಆಮೇಲಿನದು: ನಾಲ್ಕಾರು ವಾರ ಕಣ್ಣಿಗೆ ತಪ್ಪದೆ ಔಷಧ ಹಾಕಿಕೊಳ್ಳುತ್ತಿದ್ದಾರೆಯೇ, ಮರುತಪಾಸಣೆಗೆ ಬಂದರೇ, ಕನ್ನಡಕ ಬೇಕಾದರೆ ಸಿಕ್ಕಿತೇ ಎಂದು ವಿಚಾರಿಸುವವರು ಬೇಕು. ಮಗ ದೂರದ ಊರಿನಲ್ಲಿದ್ದು ಒಂಟಿಯಾಗಿರುವ ಅಜ್ಜಿಗೆ ಹನಿ ಹಾಕುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಕ್ಲಬ್ಬು, ಉದ್ಘಾಟನೆಯ ಫೋಟೊ ಪ್ರಕಟವಾದಲ್ಲಿಗೆ ಕೆಲಸ ಮುಗಿಯಿತೆಂದುಕೊಳ್ಳುವ ಕ್ಲಬ್ಬಿಗಿಂತ ಬಹಳ ಮುಂದಿರುತ್ತದೆ.

ರಕ್ತದಾನದಲ್ಲೂ ಅವಧಿಯ ಲೆಕ್ಕ ಬಹಳ ಮುಖ್ಯ. ಕೆಂಪು ರಕ್ತಕಣಗಳನ್ನು ಐದಾರು ವಾರ ಮಾತ್ರ ಇಟ್ಟುಕೊಳ್ಳಬಹುದು, ಪ್ಲೇಟ್‌ಲೆಟ್‌ಗಳನ್ನಾದರೆ ಸುಮಾರು ಐದು ದಿನ. ಗಣ್ಯರೊಬ್ಬರ ಹುಟ್ಟುಹಬ್ಬಕ್ಕೆ ಒಂದೇ ದಿನ ನೂರಾರು ಯೂನಿಟ್ ಸಂಗ್ರಹಿಸಿ ಮುಂದಿನ ತಿಂಗಳುಗಳಲ್ಲಿ ಸುಮ್ಮನಿದ್ದರೆ ರಕ್ತನಿಧಿಗೆ ಆಗುವ ಪ್ರಯೋಜನ ಅಷ್ಟರಲ್ಲೇ ಇದೆ. ಬೇಸಿಗೆಯಲ್ಲಿ, ಕಾಲೇಜುಗಳಿಗೆ ರಜೆಯಿರುವಾಗ, ದಾನಿಗಳೇ ಸಿಗದಂತಾಗುತ್ತದೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದಾದ್ದರಿಂದ, ದಾನಿಗಳ ಪಟ್ಟಿಯಿಟ್ಟು ಸರದಿಯಂತೆ ಕರೆಯುವ ಕ್ಲಬ್ಬು ದೊಡ್ಡ ಸುದ್ದಿಯಾಗದಿದ್ದರೂ ಹೆಚ್ಚು ಜೀವ ಉಳಿಸುತ್ತದೆ. ಅಂಥ ಪಟ್ಟಿ ಒಂದೇ ವರ್ಷದಲ್ಲಿ ಸಿದ್ಧವಾಗುವುದಲ್ಲ, ಅಧ್ಯಕ್ಷರು ಬದಲಾದಾಗ ಕಾರ್ಯದರ್ಶಿಯ ಪುಸ್ತಕದೊಂದಿಗೆ ಕೈದಾಟಿ ಬರಬೇಕಾದದ್ದು.

ಅವಧಿಯನ್ನು ಮೀರಿ ದುಡಿಯಲು ಸಾಧ್ಯವಿದೆ ಎಂಬುದಕ್ಕೆ ಪೋಲಿಯೊ ವಿರುದ್ಧದ ಹೋರಾಟ ದೊಡ್ಡ ಸಾಕ್ಷಿ. ರೋಟರಿ 1985ರಲ್ಲಿ ಪೋಲಿಯೊಪ್ಲಸ್ ಎಂಬ ಯೋಜನೆ ಹಮ್ಮಿಕೊಂಡಿತು. ಭಾರತದಲ್ಲಿ ಪಲ್ಸ್ ಪೋಲಿಯೊ ಅಭಿಯಾನ 1995ರಲ್ಲಿ ಶುರುವಾಯಿತು. ದೇಶದಲ್ಲಿ ಕಾಡು ವೈರಾಣುವಿನ ಕೊನೆಯ ಪ್ರಕರಣ ಕಂಡುಬಂದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಸರ್ಕಾರ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹೊತ್ತ ಭಾರವೇ ಇದರಲ್ಲಿ ದೊಡ್ಡದು. ಆದರೂ ಬೂತ್‌ಗಳಲ್ಲಿ ನೆರವಾಗಿ, ಲಸಿಕೆಗೆ ಹಿಂಜರಿಯುವ ಮನೆಗಳಿಗೆ ಹೋಗಿ ಮಾತಾಡಿದ ಕ್ಲಬ್ ಸದಸ್ಯರು, ಅಧ್ಯಕ್ಷರು ಎಷ್ಟು ಸಲ ಬದಲಾದರೂ, ಒಂದೇ ಗುರಿಗೆ ಅಂಟಿಕೊಂಡರು.

ಟೀಕೆಗಳೂ ಇಲ್ಲದಿಲ್ಲ. ಹಾರ, ಶಾಲು, ನೆನಪಿನ ಕಾಣಿಕೆ, ಸ್ವಾಗತ ಮತ್ತು ವಂದನಾರ್ಪಣೆಗಳಲ್ಲೇ ಸಂಜೆ ಕಳೆಯುವ ಸಭೆಗಳಿವೆ. ಊರಿನ ವ್ಯಾಪಾರಿಗಳು ಮತ್ತು ವೈದ್ಯರು ಮಾತ್ರ ಸೇರುವ ಕೂಟವೆಂಬ ಮಾತೂ ಇದೆ. ಹೆಂಗಸರಿಗೆ ಲಯನ್ಸ್ 1987ರಲ್ಲೂ ರೋಟರಿ 1989ರಲ್ಲೂ ಬಾಗಿಲು ತೆರೆದವಾದರೂ, ಸದಸ್ಯರ ಪತ್ನಿಯರನ್ನು ಪತಿಯ ಸದಸ್ಯತ್ವದ ಬಾಲಂಗೋಚಿಯಾಗಿಯೇ ಕಾಣುವ ಹಳೆಯ ಮನೋಭಾವ ಪೂರ್ತಿ ಹೋಗಿಲ್ಲ. ಸೇರುವ ಮುನ್ನ ಹಿಂದಿನ ಮೂರು ವರ್ಷಗಳ ವರದಿಯನ್ನು ಓದಲು ಕೇಳುವುದರಲ್ಲಿ ಸಂಕೋಚಪಡಬೇಕಿಲ್ಲ. ಒಂದೇ ಕೆಲಸ ಮೂರೂ ವರ್ಷ ಮುಂದುವರಿದಿದೆಯೇ, ಸಾರ್ವಜನಿಕರಿಂದ ಸಂಗ್ರಹಿಸಿದ ಹಣದ ಲೆಕ್ಕ ಕ್ಲಬ್ಬಿನ ಸ್ವಂತ ಖರ್ಚಿನಿಂದ ಬೇರೆಯಾಗಿ ಇದೆಯೇ ಎಂದು ಅದರಲ್ಲಿ ನೋಡಬಹುದು. ಲಯನ್ಸ್‌ನ ನಿಯಮದಂತೆ ಜನರಿಂದ ಬಂದ ಹಣವನ್ನು ಜನರಿಗಾಗಿಯೇ ಬಳಸಬೇಕು, ಆಡಳಿತಕ್ಕಲ್ಲ.

ವಯಸ್ಸು ಮತ್ತು ಶುಲ್ಕದ ಕಾರಣದಿಂದ ಹಿಂಜರಿಯುವವರಿಗೆ ಬೇರೆ ದಾರಿಗಳಿವೆ. ಹದಿನೆಂಟರಿಂದ ನಲವತ್ತರೊಳಗಿನವರಿಗೆ ಜೇಸಿ, ಯುವಕ–ಯುವತಿಯರಿಗೆ ರೋಟರ‍್ಯಾಕ್ಟ್ ಮತ್ತು ಲಿಯೋ, ಶಾಲಾ ಮಕ್ಕಳಿಗೆ ಇಂಟರ‍್ಯಾಕ್ಟ್ ಕ್ಲಬ್‌ಗಳಿವೆ. ಹಳ್ಳಿಗಳಲ್ಲಿ ರೋಟರಿ ಸಮುದಾಯ ದಳ ಎಂಬ ವ್ಯವಸ್ಥೆಯಿದ್ದು, ಅದರ ಸದಸ್ಯರು ರೋಟರಿ ಸದಸ್ಯರಾಗಿರಬೇಕಾಗಿಲ್ಲ: ಕೃಷಿಕರು, ಶಿಕ್ಷಕರು, ಅಂಗಡಿಯವರು ಸೇರಿ ತಮ್ಮ ಊರಿನ ಕೆರೆಯೋ ಬಸ್ ತಂಗುದಾಣವೋ ಯಾವುದಕ್ಕೆ ಕೈಹಾಕಬೇಕೆಂದು ತಾವೇ ನಿರ್ಧರಿಸುತ್ತಾರೆ, ಹತ್ತಿರದ ಪೇಟೆಯ ಕ್ಲಬ್ಬು ಬೆನ್ನಿಗೆ ನಿಲ್ಲುತ್ತದೆ.