ಆಕಾಶದಿಂದ ಬಿತ್ತು ಮದ್ದು... ಕೇಳಿದವರು ಯಾರು?

ಸಿನಿಮಾದಲ್ಲಿ ಹೆಲಿಕಾಪ್ಟರ್ ಬಂತು ಅಂದ್ರೆ ಥಿಯೇಟರಿನಲ್ಲಿ ಏನಾಗುತ್ತೆ? ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ! ಧೂಳೆಬ್ಬಿಸಿಕೊಂಡು ಅದು ಇಳಿಯುತ್ತೆ, ಕೂಲಿಂಗ್ ಗ್ಲಾಸ್ ಹಾಕಿಕೊಂಡ ನಾಯಕ ಹೊರಗೆ ಕಾಲಿಡ್ತಾನೆ, ಅಲ್ಲಿಗೆ ಖಳನಾಯಕನ ಕಥೆ ಮುಗೀತು ಅಂತಲೇ ಲೆಕ್ಕ.

ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ ಸೀಮೆಯ ಗೇರುಗುಡ್ಡಗಳ ಮೇಲೂ ಹೆಲಿಕಾಪ್ಟರ್ ಬರುತ್ತಿತ್ತು. ಒಂದೆರಡು ಸಲವಲ್ಲ, 1980ರ ದಶಕದಿಂದ 2000ದವರೆಗೆ. ಸದ್ದು ಕೇಳಿ ಹಳ್ಳಿಯ ಮಕ್ಕಳು ಅಂಗಳಕ್ಕೆ, ಗದ್ದೆಗೆ ಓಡಿ ಬಂದರು. ತಲೆ ಎತ್ತಿ ನೋಡಿದರು, ಕೈ ಬೀಸಿದರು. ಆದರೆ ಹೀರೋ ಇಳಿಯಲೇ ಇಲ್ಲ! ಇಳಿದದ್ದು ಮಂಜಿನಂಥ ಸಣ್ಣ ಹನಿ. ಗೇರುಮರದ ಮೇಲೆ ಬಿತ್ತು, ಹುಲ್ಲಿನ ಮೇಲೆ ಬಿತ್ತು, ಬಾವಿಗೆ ಬಿತ್ತು, ನೋಡುತ್ತಾ ನಿಂತ ಮಕ್ಕಳ ಮುಖದ ಮೇಲೂ ಬಿತ್ತು.

ಅದರ ಹೆಸರು ಎಂಡೋಸಲ್ಫಾನ್.

"ಎಂತ ಮಾರಾಯ್ರೇ, ಸಿನಿಮಾ ಪತ್ರಿಕೆಯವರಿಗೆ ಗೇರುಮರದ ಮದ್ದಿನ ಸುದ್ದಿ ಎಂತಕ್ಕೆ?" ಅಂತ ಪುತ್ತೂರು ಬಸ್‌ಸ್ಟಾಂಡಿನಲ್ಲಿ ನಮ್ಮ ಪತ್ರಿಕೆ ಕೊಳ್ಳುವವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಕಥೆ ಸಿನಿಮಾ ಆಗಿದೆ, ರಾಷ್ಟ್ರಪ್ರಶಸ್ತಿಯನ್ನೂ ಗೆದ್ದಿದೆ. ತೆರೆಯ ಮೇಲಿನ ಆ ಊರುಗಳು ದೂರದವೇನಲ್ಲ. ಪುತ್ತೂರಿನಲ್ಲಿ ಬಸ್ಸು ಹತ್ತಿದರೆ ಹಿಡಿದ ಪತ್ರಿಕೆ ಓದಿ ಮುಗಿಸುವಷ್ಟರಲ್ಲಿ ಸಿಗುವಂಥವು!

ಚಾಕೊಲೇಟ್ ಹೀರೋ ಕ್ಯಾಮೆರಾ ಹಿಡಿದಾಗ...

ಚಿತ್ರದ ಹೆಸರು 'ವಲಿಯ ಚಿರಕುಳ್ಳ ಪಕ್ಷಿಗಳ್'. ಕನ್ನಡದಲ್ಲಿ ಹೇಳುವುದಾದರೆ 'ದೊಡ್ಡ ರೆಕ್ಕೆಯ ಹಕ್ಕಿಗಳು'. 2015ರ ಮಲಯಾಳಂ ಚಿತ್ರ. ನಿರ್ದೇಶಕ ಡಾ. ಬಿಜು. ಹೆಸರಿನ ಮುಂದಿನ ಆ 'ಡಾಕ್ಟರ್' ಬರೀ ಅಲಂಕಾರ ಅಂದುಕೊಳ್ಳಬೇಡಿ. ಅವರು ಕಲಿತದ್ದು ಹೋಮಿಯೋಪತಿ ವೈದ್ಯ! ನಾಯಕ ಕುಂಚಾಕೋ ಬೋಬನ್. 1997ರ 'ಅನಿಯತ್ತಿಪ್ರಾವು' ಚಿತ್ರದಿಂದ ಹುಡುಗಿಯರ ನಿದ್ದೆಗೆಡಿಸಿದ ಅದೇ ಚೆಲುವ. ಇಲ್ಲಿ ಮಾತ್ರ ಡ್ಯೂಯೆಟ್ ಇಲ್ಲ. ಕಾಸರಗೋಡಿನ ಎಂಡೋಸಲ್ಫಾನ್ ಸಂತ್ರಸ್ತರ ಚಿತ್ರ ತೆಗೆದ ಪತ್ರಿಕಾ ಛಾಯಾಗ್ರಾಹಕನ ಪಾತ್ರ. ವರ್ಷಗಳ ನಂತರ ಅವನು ಅದೇ ಊರಿಗೆ, ಅದೇ ಮಕ್ಕಳ ಬಳಿಗೆ ಮರಳಿ ಬರ್ತಾನೆ. 'ಮಾತೃಭೂಮಿ' ಪತ್ರಿಕೆಯ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳು ಈ ಕಥೆಗೆ ಪ್ರೇರಣೆ. 63ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಇದಕ್ಕೆ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂಬ ಗೌರವ ಸಿಕ್ಕಿತು.

ಸಿನಿಮಾ ಎರಡು ಗಂಟೆಯಲ್ಲಿ ಮುಗಿಯುತ್ತೆ. ನಿಜ ಕಥೆ ಶುರುವಾದದ್ದು ಎಲ್ಲಿ?

ಸ್ವರ್ಗ ಎಂಬ ಊರು

ಪುತ್ತೂರಿನಿಂದ ಪಾಣಾಜೆ ದಾರಿ ಹಿಡಿದು ಆರ್ಲಪದವು ದಾಟಿದರೆ ಕೇರಳದ ಗಡಿ. ಆಚೆ ಸಿಗುವ ಊರಿನ ಹೆಸರೇ ಸ್ವರ್ಗ! ಅದಕ್ಕೆ ತಾಗಿಕೊಂಡು ವಾಣಿನಗರ, ಪಡ್ರೆ. ಎಣ್ಮಕಜೆ ಪಂಚಾಯತಿಗೆ ಸೇರಿದ, ಕನ್ನಡ, ತುಳು ಮಾತಾಡುವ ಜಾಗ. ಗುಡ್ಡದ ಮೇಲೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಪು, ಕೆಳಗೆ ಮನೆ, ಅಡಿಕೆ ತೋಟ. ಗುಡ್ಡದ ಹೊಟ್ಟೆ ಕೊರೆದು ಮಾಡಿದ ಸುರಂಗದಿಂದ ಜಿನುಗುವ ನೀರೇ ಎಷ್ಟೋ ಮನೆಗಳಿಗೆ ಕುಡಿಯುವ ನೀರು. ಮೇಲೆ ಬಿದ್ದದ್ದು ಕೆಳಗೆ ಬಾರದೆ ಇರುತ್ತದೆಯೇ?

ಗೇರಿಗೆ ಟೀ ಸೊಳ್ಳೆ ಎಂಬ ಶತ್ರು ಉಂಟು. ಚಿಗುರು, ಹೂವು ಎರಡರ ರಸವನ್ನೂ ಹೀರಿ ಒಣಗಿಸುತ್ತದೆ. ಚಿಗುರು ಬಂದಾಗ ಒಂದು, ಹೂ ಬಿಟ್ಟಾಗ ಒಂದು, ಕಾಯಿ ಕಟ್ಟಿದಾಗ ಒಂದು ಅಂತ ಮದ್ದು ಬಿಡುವುದು ಕ್ರಮ. ನೂರಾರು ಎಕರೆ ಗುಡ್ಡ, ಆಳಿಗೆ ಖರ್ಚು ಜಾಸ್ತಿ. ಹಾಗಾಗಿ ಹೆಲಿಕಾಪ್ಟರ್! ಮರದ ತಲೆಯಿಂದ ಎರಡು ಮೂರು ಮೀಟರ್ ಎತ್ತರದಲ್ಲೇ ಹಾರಬೇಕು, ಬಾವಿ ಕೆರೆ ಮುಚ್ಚಿಸಬೇಕು, ಜನರಿಗೆ ಮೊದಲೇ ತಿಳಿಸಬೇಕು ಅಂತ ಕಾಗದದ ಮೇಲೆ ನಿಯಮ. ಏರಿಳಿತದ ಗುಡ್ಡದಲ್ಲಿ, ತೆಂಗು ಅಡಿಕೆ ತಲೆ ಎತ್ತಿ ನಿಂತಿರುವಲ್ಲಿ ಅಷ್ಟು ತಗ್ಗಿ ಹಾರುವುದು ಹೇಗೆ? ಹರಿಯುವ ತೋಡನ್ನು ಮುಚ್ಚುವುದು ಯಾವ ಮುಚ್ಚಳದಿಂದ?

1979ರ ಸುಮಾರಿಗೆ ಪಡ್ರೆಯಲ್ಲಿ ಕಾಲು ಸೊಟ್ಟಗಿನ ಕರುಗಳು ಹುಟ್ಟಿದವು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಇದನ್ನು ಗಮನಿಸಿ 1981ರಲ್ಲೇ ಬರೆದರು. ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ'ಯ ಸಂಪಾದಕರಾಗಿ ನಮ್ಮ ಕೃಷಿಕರಿಗೆ ಇವರು ಚೆನ್ನಾಗಿ ಗೊತ್ತು. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಲಿಕಾಪ್ಟರ್ ಮತ್ತೆ ಹತ್ತೊಂಬತ್ತು ವರ್ಷ ಹಾರಿತು!

ಊರ ಡಾಕ್ಟರು ಲೆಕ್ಕ ಬರೆದರು

1982ರಿಂದ ವಾಣಿನಗರದಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ವೈದ್ಯರಾಗಿದ್ದಾರೆ. ಬರಬರುತ್ತ ಅವರಿಗೆ ಒಂದು ವಿಚಿತ್ರ ಕಾಣಿಸಿತು. ಕೊಡಂಕೀರಿ ತೋಡಿನ ಆಚೀಚೆಯ ಮನೆಗಳಲ್ಲೇ ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಮಾನಸಿಕ ಕಾಯಿಲೆ, ಕ್ಯಾನ್ಸರ್... ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ಯಾಕೆ? ಊರವರು ದೈವದ ಮುನಿಸು, ನಾಗದೋಷ ಅಂದುಕೊಂಡರು. ಡಾಕ್ಟರು ಮೊದಲಿಗೆ ನೀರನ್ನು ಸಂಶಯಪಟ್ಟರು. 1997ರಲ್ಲಿ ಕೇರಳದ ವೈದ್ಯಕೀಯ ಪತ್ರಿಕೆಗೆ ಬರೆದು, ಯಾರಾದರೂ ಬಂದು ಇದನ್ನು ಪರೀಕ್ಷೆ ಮಾಡಿ ಅಂತ ಸಹಾಯ ಕೇಳಿದರು.

ಸಿನಿಮಾ ಡಾಕ್ಟರು ಆಪರೇಷನ್ ಥಿಯೇಟರಿನಿಂದ ಬೆವರು ಒರೆಸಿಕೊಂಡು ಬಂದು ಒಂದೇ ಮಾತಿನಲ್ಲಿ ಕಥೆ ಮುಗಿಸ್ತಾರೆ. ನಿಜವಾದ ಡಾಕ್ಟರಿಗೆ ಆ ಸುಖವಿಲ್ಲ. ಚೀಟಿ ಬರೆದು ಫೀಸು ತಗೊಂಡು ಸುಮ್ಮನಿರಬಹುದಿತ್ತು. ಕಾಯಿಲೆಗೆ ಕಾರಣವೇನು ಅಂತ ಕೇಳುವುದೂ ವೈದ್ಯಧರ್ಮವೇ ಅಂತ ಅವರು ತಿಳಿದರು. ನಮಗೆ ಕಂಡಂತೆ ಈ ಕಥೆಗೊಬ್ಬ ಹೀರೋ ಇದ್ದರೆ ಅದು ಅವರೇ!

ಕಾಞಂಗಾಡಿನ ಕಡೆ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿಯಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಅಲ್ಲಿಂದ ಶುರುವಾದ ಹೋರಾಟದಿಂದ 2000ದ ಕೊನೆಗೆ ಕಾಸರಗೋಡಿನ ಆಕಾಶದಲ್ಲಿ ಹೆಲಿಕಾಪ್ಟರ್ ಸದ್ದು ನಿಂತಿತು.

ಪರಿಣತರ ಜಗಳ

ಈಗ ಬಂತು ಸಮಿತಿಗಳ ಸಾಲು! 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ಜನರ ರಕ್ತದಲ್ಲಿ ಎಂಡೋಸಲ್ಫಾನ್ ಉಂಟು ಅಂದರು. ಪ್ಲಾಂಟೇಷನ್ ಕಾರ್ಪೊರೇಷನ್ನೇ ನೇಮಿಸಿದ ಇನ್ನೊಂದು ಸಂಸ್ಥೆ ಇಲ್ಲವೇ ಇಲ್ಲ ಅಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 117 ಹುಡುಗರನ್ನು ಮದ್ದು ಬೀಳದ ದೂರದ ಹಳ್ಳಿಯ 90 ಹುಡುಗರ ಜೊತೆ ಹೋಲಿಸಿ ನೋಡಿತು. ಪಡ್ರೆಯ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು 2003ರಲ್ಲಿ ಪ್ರಕಟಿಸಿತು. ಅದೇ ವರ್ಷ ಕೇಂದ್ರದ ದುಬೆ ಸಮಿತಿ ಕಾಯಿಲೆಗೂ ಮದ್ದಿಗೂ ಸಂಬಂಧವಿಲ್ಲ ಅಂತ ಷರಾ ಬರೆಯಿತು!

ಈ ವಿಷ ನರಗಳಿಗೆ ಹೊಡೆಯುತ್ತೆ, ಹೆಚ್ಚು ಹೊಕ್ಕರೆ ಫಿಟ್ಸ್ ಬರುತ್ತೆ, ಮಣ್ಣಲ್ಲಿ ಬಹಳ ಕಾಲ ಉಳಿಯುತ್ತೆ. ಇದರಲ್ಲಿ ವಾದವಿಲ್ಲ. ಇಂಥ ಮನೆಯ ಇಂಥ ಮಗುವಿನ ಇಂಥ ಕಾಯಿಲೆಗೆ ಇದೇ ಕಾರಣ ಅಂತ ಬೊಟ್ಟು ಮಾಡಿ ತೋರಿಸುವುದು ಮಾತ್ರ ಕಷ್ಟ. ಸರಿ. ಆದರೆ ಅದನ್ನು ತೋರಿಸುವ ಭಾರ ಯಾರದು? ಮಗುವನ್ನು ಎತ್ತಿಕೊಂಡ ತಾಯಿಯದೋ, ವಿಷ ಸುರಿದವರದೋ?

ದಕ್ಷಿಣ ಕನ್ನಡದಲ್ಲಿ 'ಮದ್ದು' ಅಂದರೆ ಔಷಧಿಯೂ ಹೌದು, ಕೀಟನಾಶಕವೂ ಹೌದು. ಡಾಕ್ಟರು ಒಂದು ಇಂಜೆಕ್ಷನ್ ಚುಚ್ಚುವ ಮುಂಚೆ ನಮ್ಮನ್ನು ಕೇಳ್ತಾರೆ. ಆಪರೇಷನ್ ಅಂದರೆ ಕಾಗದಕ್ಕೆ ಸಹಿ ಹಾಕಿಸಿಕೊಳ್ತಾರೆ. ಇಪ್ಪತ್ತು ವರ್ಷ ಇಡೀ ಊರಿನ ಮೇಲೆ ಮದ್ದು ಬಿಟ್ಟವರು ಯಾರ ಸಹಿ ತಗೊಂಡಿದ್ದರು?

ಗಡಿಯ ಈಚೆ ಕಡೆ

ಆಚೆಯ ಕಥೆ ಜಗತ್ತಿಗೆ ಗೊತ್ತಾಯಿತು. ಈಚೆಯದು? ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೂ ಅದೇ ಮದ್ದು ಬಿದ್ದಿತ್ತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ. ಆಗ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಆಲಂಕಾರು, ಕೊಯಿಲ... ಹೀಗೆ ಊರುಗಳ ಪಟ್ಟಿ ಬೆಳೆಯುತ್ತೆ. ಗೇರು ಸಂಶೋಧನೆಗೆಂದೇ 1986ರಿಂದ ರಾಷ್ಟ್ರೀಯ ಕೇಂದ್ರ ಇರುವುದು ಇದೇ ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಎಂಬುದನ್ನೂ ನೆನೆಸಿಕೊಳ್ಳಿ.

ಕೊಕ್ಕಡದ ಶ್ರೀಧರ ಗೌಡರು ಸಂತ್ರಸ್ತರನ್ನು ಕೂಡಿಸಿ ದನಿ ಎತ್ತಿದರು. ಉಡುಪಿಯ ಡಾ. ರವೀಂದ್ರನಾಥ ಶಾನುಭಾಗರು ಕಾನೂನಿನ ದಾರಿ ಹಿಡಿದರು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಎಂಡೋಸಲ್ಫಾನ್ ನಿಷೇಧಿಸಿತು. ಏಪ್ರಿಲಿನಲ್ಲಿ ಜಿನೀವಾದಲ್ಲಿ ಲೋಕದ ದೇಶಗಳೆಲ್ಲ ಸೇರಿ ಇದನ್ನು ಕೈಬಿಡುವ ತೀರ್ಮಾನ ಮಾಡಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ದಕ್ಷಿಣ ಕನ್ನಡದ ಸಂತ್ರಸ್ತರಿಗೆ ಮಾಸಾಶನ ಬಂತು. ಕೊಕ್ಕಡದಲ್ಲಿ, ಕೊಯಿಲದಲ್ಲಿ ಪಾಲನಾ ಕೇಂದ್ರಗಳು ತೆರೆದವು.

ಬಂತು, ನಿಜ. ಸಾಕಾಯಿತೇ? ಮಾಸಾಶನಕ್ಕೆ ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಡಾಕ್ಟರ ಸರ್ಟಿಫಿಕೇಟ್ ಬೇಕು. ಆ ಶೇಕಡಾ ಲೆಕ್ಕದ ಮೇಲೆ ಒಂದು ಮನೆಯ ತಿಂಗಳ ಅಕ್ಕಿ ನಿಂತಿದೆ! ಕೇರಳದ ಕಥೆಯೂ ಅಷ್ಟೇ. 2017ರಲ್ಲಿ ಸುಪ್ರೀಂ ಕೋರ್ಟ್ ಮೂರೇ ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಅಂದಿತ್ತು. 2022ರಲ್ಲಿ ನೋಡಿದರೆ 3704 ಮಂದಿಯಲ್ಲಿ ಹಣ ಸಿಕ್ಕಿದ್ದು ಬರೀ 8 ಮಂದಿಗೆ. ಕೋರ್ಟು ಗದರಿಸಬೇಕಾಯಿತು.

ಫೋಟೋ ಯಾಕಿಲ್ಲ?

ಕಲ್ಪನಾ ಅಭಿನಯದ 'ಶರಪಂಜರ' ನೋಡಿದವರು ಹೇಳಿ: ಕಾವೇರಿಯ ಕಾಯಿಲೆ ವಾಸಿಯಾದರೂ ಜನ ಅದನ್ನು ಮರೆಯಲು ಬಿಟ್ಟರೇ? 'ಎಂಡೋ' ಎಂಬ ಎರಡಕ್ಷರವೂ ಹಾಗೆಯೇ. ಮನೆಯಲ್ಲಿ ಒಂದು ಮಗುವಿಗೆ ಆ ಹೆಸರು ಅಂಟಿತೋ, ಗಟ್ಟಿಮುಟ್ಟಾದ ಅಕ್ಕನ ಮದುವೆ ಮಾತುಕತೆಯೂ ಅಲ್ಲಿಗೆ ನಿಂತುಹೋಗಬಹುದು.

ಕ್ಯಾಮೆರಾ ಇಲ್ಲದಿದ್ದರೆ ಈ ಊರುಗಳ ಸಂಕಟ ದೆಹಲಿಗೆ, ಜಿನೀವಾಕ್ಕೆ ಕಾಣುತ್ತಲೇ ಇರಲಿಲ್ಲ. ಅದೇ ಕ್ಯಾಮೆರಾ ಮಾತಾಡಲು ಬಾರದ ಮಗುವಿನ ಮುಂದೆ ಹತ್ತು ಸಲ ನಿಂತರೆ, 'ಬೇಡ' ಅನ್ನಲು ಆ ಮಗುವಿಗೆ ಬಾಯಿಯೂ ಇಲ್ಲ. ಮದ್ದು ಬಿಟ್ಟವರು ಊರವರನ್ನು ಕೇಳಲಿಲ್ಲ ಅಂತ ಬೈಯುವ ನಾವು ಫೋಟೋ ತೆಗೆಯುವಾಗ ಕೇಳದೆ ಇರಬಹುದೇ? ಅದಕ್ಕೇ ಓದುಗರೇ, ಈ ಪುಟದಲ್ಲಿ ಒಂದು ಮಗುವಿನ ಮುಖವನ್ನೂ ನಾವು ಹಾಕಿಲ್ಲ.

ಹೆಲಿಕಾಪ್ಟರ್ ನೋಡಿ ಅಂದು ಕೈ ಬೀಸಿದವರೆಲ್ಲ ಈಗ ನಡುವಯಸ್ಸಿನವರು. ಹಾಸಿಗೆ ಹಿಡಿದ ಮಕ್ಕಳಿಗೆ ತುತ್ತು ಇಡುತ್ತಿರುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ. ಪಾಲನಾ ಕೇಂದ್ರದಿಂದ ಸಂಜೆ ಮನೆಗೆ ಬಂದ ಮಗನಿಗೆ ಬಾಗಿಲು ತೆಗೆಯಲು ಅಮ್ಮ ಇರಬೇಕಲ್ಲ? ಅಮ್ಮ ಇಲ್ಲವಾದ ದಿನ ಯಾರು? ಅದಕ್ಕೇ ಹಗಲೂ ರಾತ್ರಿಯೂ ನೋಡಿಕೊಳ್ಳುವ ಶಾಶ್ವತ ಕೇಂದ್ರ ಬೇಕು ಅಂತ ಇಲ್ಲಿಯ ಕುಟುಂಬಗಳು ಕೇಳಿದ್ದು.

ಪರದೆಯ ಮೇಲೆ 'ಶುಭಂ' ಬಿದ್ದ ಮೇಲೆ ನಾವು ಎದ್ದು ಬಸ್ಸು ಹಿಡಿಯುತ್ತೇವೆ. ಕೊಕ್ಕಡದ ದಾರಿಯಲ್ಲೋ ಆಲಂಕಾರಿನ ದಾರಿಯಲ್ಲೋ ಹೋಗುವವರು ಈ ಸಲ ಕಿಟಕಿಯಿಂದ ಆ ಗೇರುಗುಡ್ಡಗಳ ಕಡೆ ಒಮ್ಮೆ ನೋಡಿ. ಅಲ್ಲಿ ಚಿತ್ರ ಇನ್ನೂ ಮುಗಿದಿಲ್ಲ.