ಬಳಸಿದ ಮೋಟಾರು ಸೈಕಲು: ಯಾವ ವರುಷದ್ದು?

ಹುನಗುಂದದಿಂದ ಇಳಕಲ್ಲಿಗೆ ದಿನವೂ ದುಡಿಯಹೋಗುವ ಗೃಹಸ್ಥನು ಬಳಸಿದ ಮೋಟಾರು ಸೈಕಲನ್ನು ಕೊಳ್ಳುವಾಗ, ಬಣ್ಣಕ್ಕಿಂತ ಮೊದಲು ಅದು ತಯಾರಾದ ವರುಷವನ್ನು ನೋಡತಕ್ಕದ್ದು. 2019ರ ಎಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆಲ್ಲ, ಬ್ರೇಕು ಹಿಡಿದಾಗ ಗಾಲಿಯು ಬಿಗಿದು ಜಾರದಂತೆ ಕಾಯುವ ಎ.ಬಿ.ಎಸ್. ಕಡ್ಡಾಯವಾಯಿತು, ಚಿಕ್ಕವುಗಳಿಗೆ ಎರಡೂ ಬ್ರೇಕುಗಳು ಕೂಡಿ ಹಿಡಿಯುವ ಏರ್ಪಾಡಾದರೂ ಬೇಕಾಯಿತು. 2020ರ ಎಪ್ರಿಲಿನಿಂದ ಬಿ.ಎಸ್.6 ನಿಯಮ ಬಂದು, ಹೆಚ್ಚಿನ ಗಾಡಿಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಫ್ಯುಯೆಲ್ ಇಂಜೆಕ್ಷನ್ ಹಿಡಿಯಿತು.

ಕಾರ್ಬ್ಯುರೇಟರು ಕೆಟ್ಟರೆ ಊರ ಮಿಸ್ತ್ರಿಯು ಬಿಚ್ಚಿ ತೊಳೆದು ಕೂಡಿಸಬಲ್ಲನು. ಹೊಸದಕ್ಕೆ ಒಳ್ಳೆಯ ಬ್ಯಾಟರಿಯೂ ದೋಷ ಹುಡುಕುವ ಯಂತ್ರವೂ ಬೇಕು. ಇದು ಹಳೆಯದರ ಗುಣ. ಆದರೆ ನೋಂದಣಿಯು 15 ವರುಷ ಮಾತ್ರ ಸಲ್ಲುವದು, ಆಮೇಲೆ ನವೀಕರಿಸಬೇಕು. ಆದುದರಿಂದ ಮಾರುವವನ ಮಾತನ್ನು ನಂಬದೆ, ನೋಂದಣಿ ಪತ್ರದಲ್ಲಿ ತಯಾರಿಕೆಯ ತಿಂಗಳನ್ನೇ ಓದಿರಿ. ರಿಪೇರಿಯ ಉಳಿತಾಯವನ್ನು ಎಣಿಸುವವರು ಹಿಂದೆ ಕೂಡುವ ಮಗುವನ್ನೂ ನೆನೆಯಲಿ.