ಪಾಳುಬಿದ್ದ ತೋಟಕ್ಕೆ ಬೀಜ ತರುವವರು ಯಾರು?

ಸೊಂಟದೆತ್ತರಕ್ಕೆ ಮಟ್ಟಸವಾಗಿ ಕತ್ತರಿಸಿದ ಚಹಾ ಗಿಡವನ್ನು ಕಂಡವರು ಅದನ್ನು ಪೊದೆ ಎಂದೇ ತಿಳಿಯುತ್ತಾರೆ. ಅದು ಮರ. ಚಿಗುರು ಕೊಯ್ಯುವವರೂ ಗಿಡ ಸವರುವವರೂ ಬರುವುದು ನಿಂತರೆ ಕೆಲವೇ ವರ್ಷಗಳಲ್ಲಿ ಆಳೆತ್ತರ ದಾಟುತ್ತದೆ, ಹಳದಿ ಕೇಸರದ ಬಿಳಿ ಹೂ ಬಿಡುತ್ತದೆ, ನೆಲಕ್ಕೆ ಬಿಸಿಲು ತಾಕದ ಹಾಗೆ ಒತ್ತೊತ್ತಾಗಿ ಬೆಳೆದು ನಿಲ್ಲುತ್ತದೆ. ದೂರದಿಂದ ನೋಡಿದವರಿಗೆ ಕಾಡು ಬಂದಂತೆಯೇ ಕಾಣುತ್ತದೆ. ಒಳಹೊಕ್ಕರೆ ಮಾತ್ರ ಚಹಾ ಬಿಟ್ಟು ಬೇರೆ ಮರವನ್ನು ಹುಡುಕಿಕೊಂಡು ಹೋಗಬೇಕು.

ಬೇಲಿ ಹಾಕಿ ಸುಮ್ಮನಿದ್ದರೆ ಕಾಡು ತಾನೇ ಬರುತ್ತದೆ ಎಂದು ಮಲೆನಾಡಿನಲ್ಲಿ ಹೇಳುವುದುಂಟು. ಸುಳ್ಳಲ್ಲ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡದೊಂದು ಅಧ್ಯಯನ ಅಮೆರಿಕ ಖಂಡಗಳ ಮತ್ತು ಪಶ್ಚಿಮ ಆಫ್ರಿಕಾದ ಉಷ್ಣವಲಯದಲ್ಲಿ ಉಳುಮೆ, ಮೇವು ನಿಲ್ಲಿಸಿ ಬಿಟ್ಟ 77 ಪ್ರದೇಶಗಳನ್ನು ಪರಿಶೀಲಿಸಿತ್ತು. 20 ವರ್ಷಕ್ಕೆ ಅಲ್ಲಿನ ಎಳೆಗಾಡು ಮೂಲ ಕಾಡಿನ ಗುಣಗಳಲ್ಲಿ ಸರಾಸರಿ ಶೇ 78ರಷ್ಟನ್ನು ಗಳಿಸಿಕೊಂಡಿತ್ತು. ಮಣ್ಣು ಚೇತರಿಸಿಕೊಳ್ಳಲು 10 ವರ್ಷವೂ ಬೇಕಾಗಲಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನು ಉತ್ಸಾಹಿಗಳು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಯಾವ ಯಾವ ಜಾತಿಯ ಮರ ಎಷ್ಟೆಷ್ಟಿದ್ದವೋ ಆ ಹದಕ್ಕೆ ಕಾಡು ಮರಳಲು 120 ವರ್ಷಕ್ಕೂ ಹೆಚ್ಚು ಬೇಕು. ಹಸಿರು ಬೇಗ ಬರುತ್ತದೆ, ಹಳೆಯ ಮರಗಳ ಕುಲ ಬರುವುದು ತಡ. ಕೆಲವು ಕಡೆ ಅದು ಬರುವುದೇ ಇಲ್ಲ.

ಸುಮ್ಮನೆ ಬಿಟ್ಟು ಗೆದ್ದ ಉದಾಹರಣೆ ನಮ್ಮ ಕೊಡಗಿನಲ್ಲೇ ಇದೆ. 1991ರಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿ ಬ್ರಹ್ಮಗಿರಿ ಬೆಟ್ಟಸಾಲಿನ ಬಳಿ 55 ಎಕರೆ ಜಮೀನು ಕೊಂಡರು. ಆಮೇಲೆ ಅಕ್ಕಪಕ್ಕದ ಕಾಫಿ, ಏಲಕ್ಕಿ ಜಮೀನುಗಳನ್ನೂ ಸೇರಿಸಿಕೊಳ್ಳುತ್ತಾ ಹೋದರು. ಈಗ ಸಾಯಿ ಅಭಯಾರಣ್ಯ ಎಂದು ಹೆಸರಾದ ಆ ಸುಮಾರು 300 ಎಕರೆಯಲ್ಲಿ ಅವರು ಮಾಡಿದ ದೊಡ್ಡ ಕೆಲಸವೆಂದರೆ ಮರಕಡಿತ, ಬೇಟೆ ತಡೆದು ನೆಲವನ್ನು ಅದರ ಪಾಡಿಗೆ ಬಿಟ್ಟದ್ದು. ಇಲ್ಲಿ ಎರಡು ಅನುಕೂಲಗಳಿದ್ದವು. ಏಲಕ್ಕಿಯನ್ನು ಬೆಳೆಯುವುದೇ ಕಾಡುಮರದ ನೆರಳಲ್ಲಿ, ಹಾಗಾಗಿ ಪಾಳುಬಿದ್ದ ಏಲಕ್ಕಿ ತೋಟದಲ್ಲಿ ಕಾಡಿನ ಸೂರು ಅಷ್ಟಿಷ್ಟಾದರೂ ಉಳಿದಿರುತ್ತದೆ. ಬೀಜ ಕೊಡುವ ಮೂಲ ಕಾಡೂ ಪಕ್ಕದಲ್ಲೇ ಇತ್ತು.

ಈ ಎರಡೂ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ತಮಿಳುನಾಡಿನ ಆನೆಮಲೆಯ ವಾಲ್ಪಾರೈ ತೋರಿಸುತ್ತದೆ. 19ನೇ ಶತಮಾನದ ಕೊನೆಯಿಂದ ಅಲ್ಲಿನ ಮಳೆಕಾಡನ್ನು ಬೋಳಿಸಿ ಚಹಾ, ಕಾಫಿ ಹಾಕಿದರು, ಚಹಾ ಎಲೆ ಒಣಗಿಸುವ ಒಲೆಗೆ ಸೌದೆ ಬೇಕೆಂದು ನೀಲಗಿರಿ ನೆಟ್ಟರು. ಎಸ್ಟೇಟುಗಳ ನಡುವೆ ಅಲ್ಲೊಂದು ಇಲ್ಲೊಂದು ಕಾಡಿನ ತುಂಡು ಉಳಿಯಿತು. ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ್ ರಾಮನ್ ಎಂಬ ವಿಜ್ಞಾನಿಗಳು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಈ ತುಂಡುಗಳಲ್ಲಿ, ಕೈಬಿಟ್ಟ ತೋಟದ ಮೂಲೆಗಳಲ್ಲಿ ಕಾಡು ಕಟ್ಟುತ್ತಿದ್ದಾರೆ. ಅವರು ಕೆಲಸ ಮಾಡುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಇರುವುದು ಮೈಸೂರಿನಲ್ಲಿ. ಜಮೀನು ಎಸ್ಟೇಟ್ ಕಂಪನಿಗಳದು. ಅವುಗಳೊಂದಿಗೆ ಒಪ್ಪಂದ ಮಾಡಿಕೊಂಡೇ ನೆಡುವ ಕೆಲಸ ನಡೆಯುತ್ತದೆ.

ಇವರಿಗೆ ಎದುರಾದ ಮೊದಲ ತೊಡಕು ಬೀಜದ್ದು. ಮಳೆಕಾಡಿನ ಬಹುಪಾಲು ದೊಡ್ಡ ಮರಗಳ ಬೀಜವನ್ನು ರಾಗಿ, ಭತ್ತದ ಹಾಗೆ ಒಣಗಿಸಿ ಕಣಜಕ್ಕೆ ತುಂಬುವಂತಿಲ್ಲ. ತೇವ ಆರಿದರೆ ಸತ್ತೇಹೋಗುತ್ತವೆ. ಸಾಲುಧೂಪದ ಬೀಜ ಮಳೆಗಾಲಕ್ಕೆ ಬಿದ್ದ ಕೆಲವೇ ದಿನಗಳಲ್ಲಿ ಮೊಳೆಯಬೇಕು, ಇಲ್ಲವೆಂದರೆ ಕೊಳೆಯಬೇಕು. ಹಾಗಾಗಿ ನೂರು ವರ್ಷ ಚಹಾ ಬೆಳೆದ ಮಣ್ಣಿನೊಳಗೆ ಹಳೆಯ ಕಾಡಿನ ಒಂದು ಬೀಜವೂ ಜೀವ ಹಿಡಿದು ಉಳಿದಿರುವುದಿಲ್ಲ. ಉಳಿದಿರುವುದು ಕಳೆಬೀಜ, ಜೊತೆಗೆ ಬಿಸಿಲು ಬಿದ್ದ ಕೂಡಲೇ ಏಳುವ ಚಂದಕಲಿನಂಥ ಮರಗಳ ಬೀಜ. ಉಳಿದದ್ದೆಲ್ಲ ಹೊರಗಿನಿಂದಲೇ ಬರಬೇಕು.

ಸಣ್ಣ ಹಣ್ಣಿನ ಬೀಜವನ್ನು ಪಿಕಳಾರ, ಬಾವಲಿ ತಂದು ಉದುರಿಸುತ್ತವೆ. ಕರಿಧೂಪ, ರಾಮಪತ್ರೆಯಂಥವುಗಳ ದಪ್ಪ ಬೀಜ ನುಂಗುವಷ್ಟು ಗಂಟಲು ಇರುವುದು ಮಂಗಟ್ಟೆಗೆ ಮತ್ತು ಇನ್ನು ಕೆಲವು ಪ್ರಾಣಿಪಕ್ಷಿಗಳಿಗೆ ಮಾತ್ರ. ಮಂಗಟ್ಟೆ ಹಣ್ಣನ್ನು ಇಡಿಯಾಗಿ ನುಂಗಿ, ತಿರುಳು ಕರಗಿದ ಮೇಲೆ ಬೀಜವನ್ನು ಉಗುಳುತ್ತದೆ. ಆದರೆ ಅದು ಉಗುಳುವುದು ತಾನು ಕೂತಲ್ಲಿ, ಇಲ್ಲವೇ ಗೂಡಿನ ಮರದ ಬುಡದಲ್ಲಿ. ಕೂರಲು ದೊಡ್ಡ ಮರವೇ ಇಲ್ಲದ ತೋಟಕ್ಕೆ ಅದು ಬಂದು ಮಾಡುವುದೇನು? ಇನ್ನು ಸಾಲುಧೂಪದ್ದು ಹಕ್ಕಿಯೂ ನುಂಗಲಾರದ ಬೀಜ, ಬಹುತೇಕ ತಾಯಿಮರದ ಬುಡದಲ್ಲೇ ಬೀಳುತ್ತದೆ. ಅಂಥ ಮರ ಮೈಲಿ ದಾಟಿ ಬರಬೇಕೆಂದರೆ ಮನುಷ್ಯರೇ ಹೊತ್ತು ತರಬೇಕು.

ವಾಲ್ಪಾರೈ ತಂಡ ಮಾಡಿದ್ದೂ ಅದನ್ನೇ. ಮೊಳೆತರೂ ಬದುಕುವ ಆಸೆಯಿಲ್ಲದ ರಸ್ತೆಬದಿಯ ಬೀಜಗಳನ್ನು ಆಯ್ದು ತಂದು, ನರ್ಸರಿಯಲ್ಲಿ 150ಕ್ಕೂ ಹೆಚ್ಚು ಸ್ಥಳೀಯ ಜಾತಿಯ ಸಸಿ ಬೆಳೆಸಿದರು. ಲಂಟಾನದ ಪೊದೆಯನ್ನು ಕೈಯಿಂದಲೇ ಬಿಡಿಸಿ, ಅದರಡಿ ತಾನಾಗಿ ಎದ್ದ ಕಾಡುಸಸಿ ಮುರಿಯದಂತೆ ನೋಡಿಕೊಂಡು, ಮುಂಗಾರು ಹಿಡಿದ ಮೇಲೆ ಹತ್ತಾರು ಜಾತಿಯ ಗಿಡಗಳನ್ನು ಕಲಸಿ ನೆಟ್ಟರು. ವನಮಹೋತ್ಸವದ ಫೋಟೋಗೆ ಹೊಂದುವ ಕೆಲಸವಲ್ಲ ಇದು, ಕಳೆ ಮತ್ತೆ ಮತ್ತೆ ಬರುತ್ತದೆ. 7ರಿಂದ 15 ವರ್ಷಗಳ ಹಿಂದೆ ಹೀಗೆ ನೆಟ್ಟ ಜಾಗಗಳನ್ನು ಸುಮ್ಮನೆ ಬಿಟ್ಟ ಜಾಗಗಳೊಂದಿಗೆ ಹೋಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆಟ್ಟ ಕಡೆ ಮರಜಾತಿಗಳೂ ಹೆಚ್ಚು, ಹಿಡಿದಿಟ್ಟ ಇಂಗಾಲವೂ ಹೆಚ್ಚು. ಮೂಲ ಕಾಡಿನ ಮಟ್ಟ ಇನ್ನೂ ದೂರವಿದೆ. ನನಗೆ ಮುಖ್ಯವೆನಿಸಿದ್ದು ಇನ್ನೊಂದು ಅಂಶ: ದೊಡ್ಡ ಕಾಡಿನಿಂದ ದೂರವಾದಷ್ಟೂ ನೆಟ್ಟದ್ದರ ಲಾಭ ಎದ್ದು ಕಾಣುತ್ತಿತ್ತು.

ಬೆಳಗಿನ ಲೋಟ ಹಿಡಿದು ಇದನ್ನು ಓದುತ್ತಿರುವವರು ಕ್ಷಮಿಸಬೇಕು: ಇಲ್ಲಿ ಕಾಫಿಯೂ ಕಳೆಯೇ. ಆಫ್ರಿಕಾ ಮೂಲದ ರೊಬಸ್ಟಾ ನೆರಳಿಗೆ ಹೆದರುವ ಗಿಡವಲ್ಲ. ಪುನುಗು ಬೆಕ್ಕು, ಮಂಗಗಳು ಹಣ್ಣು ತಿಂದು ಬೀಜವನ್ನು ಕಾಡಿನೊಳಗೆ ಹಾಕುತ್ತವೆ. ಎಸ್ಟೇಟಿಗೆ ಅಂಟಿಕೊಂಡ ಕಾಡಿನ ನೆಲದಲ್ಲಿ ಕಾಫಿ ಸಸಿಗಳೇ ಗಿಜಿಗುಡುತ್ತಾ ಬೇರೆ ಮರಗಳ ಸಸಿಗೆ ಎಡೆ ಕೊಡುವುದಿಲ್ಲ. ಬೀಜ ಹೊರುವ ಪ್ರಾಣಿ ಇದ್ದರೆ ಸಾಲದು, ಅದಕ್ಕೆ ಹೊರಲು ಸಿಗುವ ಬೀಜ ಯಾವುದೆಂದೂ ನೋಡಬೇಕಾಗುತ್ತದೆ.

ಹಾಗಾದರೆ ಹೊರಗಿನಿಂದ ತಂದು ನೆಟ್ಟ ಮರಗಳನ್ನೆಲ್ಲ ಕಡಿದು ಹೊಸದಾಗಿ ಶುರುಮಾಡುವುದೇ? ಶ್ರೀಲಂಕಾದ ಅನುಭವ ಬೇಡ ಎನ್ನುತ್ತದೆ. ಸಿಂಹರಾಜ ಮಳೆಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆ ಕೆರಿಬಿಯನ್ ಪೈನ್ ನೆಟ್ಟಿತ್ತು. ಪೇರಾದೆನಿಯ ವಿಶ್ವವಿದ್ಯಾಲಯದ ನಿಮಲ್ ಮತ್ತು ಸಾವಿತ್ರಿ ಗುಣತಿಲಕೆ, ಅಮೆರಿಕದ ಮಾರ್ಕ್ ಆಷ್ಟನ್ ಅವರೊಡನೆ ಸೇರಿ ಆ ಪೈನ್ ಸಾಲುಗಳ ನಡುವೆ ನಾಗಸಂಪಿಗೆ ಮತ್ತು ಧೂಪದ ಕುಲದ ಮರಗಳ ಸಸಿಗಳನ್ನಿಟ್ಟರು. 1997ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಒಂದು ಅಥವಾ ಮೂರು ಸಾಲು ಪೈನ್ ತೆಗೆದು ಬೆಳಕಿಗೆ ಕಿಂಡಿ ಬಿಟ್ಟಲ್ಲಿ ಸಸಿಗಳು ಚೆನ್ನಾಗಿ ಬೆಳೆದವು. ಮುಚ್ಚಿದ ನೆರಳಲ್ಲಿ ಸೊರಗುವ, ಆದರೆ ಎಳವೆಯಲ್ಲಿ ನೆರಳಿನ ಆಸರೆಯೂ ಬೇಕಾದ ಗಿಡಗಳಿವು. ಪರದೇಶದ ಪೈನ್ ಅವುಗಳಿಗೆ ದಾದಿಯಾಯಿತು.

ಇದನ್ನು ಓದುವಾಗ ಶಿವಮೊಗ್ಗದ ಅಕೇಶಿಯಾ ನೆನಪಾಗದೆ ಇರದು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ನೆಡುತೋಪಿಗೆಂದು ಕೊಟ್ಟ ಅರಣ್ಯ ಭೂಮಿಯ 40 ವರ್ಷದ ಗುತ್ತಿಗೆ 2020ಕ್ಕೆ ಮುಗಿದಾಗ, ಅಲ್ಲಿ ಮತ್ತೆ ಅಕೇಶಿಯಾ ಬೇಡ, ಸಹಜ ಕಾಡು ಬೆಳೆಯಲಿ ಎಂದು ಮಲೆನಾಡಿಗರು ಪಟ್ಟು ಹಿಡಿದರು. ಬೇಡಿಕೆ ನ್ಯಾಯವಾದದ್ದು. ಆದರೆ ಒಂದೇ ಏಟಿಗೆ ಬೋಳಿಸಿದರೆ ಬಿಸಿಲಿಗೆ ಮೊದಲು ಏಳುವುದು ಮಣ್ಣಲ್ಲಿ ಕಾದು ಕೂತ ಗಟ್ಟಿ ಸಿಪ್ಪೆಯ ಅಕೇಶಿಯಾ ಬೀಜವೇ, ಜೊತೆಗೆ ಲಂಟಾನ. ಕಾನಿನ ಪಕ್ಕದ ತೋಪುಗಳಲ್ಲಿ ಬೆಂಕಿ ತಡೆದು, ಸಾಲು ಬಿಡಿಸುತ್ತಾ ಹೋದರೆ ಸಾಕಾದೀತು. ಸುತ್ತ ಮೈಲಿಗಟ್ಟಲೆ ತೋಪೇ ಇರುವ ಕಡೆ ಸಾಲುಧೂಪ, ರಾಮಪತ್ರೆಗಳನ್ನು ಅಕೇಶಿಯಾದ ನೆರಳಲ್ಲೇ ನೆಡಬೇಕಾಗುತ್ತದೆ. ಅದಕ್ಕೆ ಬೇಕಾದ ಬೀಜವನ್ನು ಮಳೆ ಶುರುವಾದ ವಾರಗಳಲ್ಲೇ, ಉಳಿದಿರುವ ಕಾನುಗಳಿಂದ ಆಯ್ದು ತರಬೇಕು.